ಹಸಿ ಸೌದೆ ಹಾಕಿದರೆ ಸೌದೆ ಉಳಿಯುತ್ತಾ?

“ಹಂಡೆ ಒಲೆಗೆ ಹಸಿ ಸೌದೆ ಹಾಕಿ, ನಿಧಾನ ಉರಿಯುತ್ತೆ, ಸೌದೆ ಉಳಿಯುತ್ತೆ” ಅನ್ನುವ ಮೆಸೇಜ್ ನಿಮಗೂ ಬಂದಿರಬಹುದು. ನಿಧಾನ ಉರಿಯುವುದು ನಿಜ. ಉಳಿತಾಯ ಮಾತ್ರ ಸುಳ್ಳು.

ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರಬಹುದು. ಒಂದು ಕೆಜಿ ಹಸಿ ಸೌದೆ ಅಂದರೆ ಅರ್ಧ ಲೀಟರ್ ನೀರನ್ನೂ ಒಲೆಗೆ ತುರುಕಿದಂತೆ. ಆ ನೀರು ಆವಿಯಾಗಿ ಹೋಗುವವರೆಗೆ ಬೆಂಕಿ ಅದಕ್ಕೇ ದುಡಿಯುತ್ತದೆ. ಅಷ್ಟು ಶಾಖದಲ್ಲಿ ಹಂಡೆಯ ಸುಮಾರು 4 ಲೀಟರ್ ತಣ್ಣೀರನ್ನು ಕುದಿ ಬರಿಸಬಹುದಿತ್ತು! ಇದರ ಜೊತೆಗೆ ಇನ್ನೊಂದು ನಷ್ಟವೂ ಇದೆ. ಬೆಂಕಿ ತಣ್ಣಗಾದಾಗ ಮರದಿಂದ ಹೊರಬರುವ ಅನಿಲ ಪೂರ್ತಿ ಉರಿಯುವುದಿಲ್ಲ. ನಮ್ಮ ಕಣ್ಣು ಉರಿಸುವ ಆ ಹೊಗೆ ಅಸಲಿಗೆ ಉರಿಯದೆ ಉಳಿದ ಸೌದೆಯೇ. ಹಂಡೆಯ ತಳಕ್ಕೆ ಮಸಿ, ಮಾಡಿಗೆ ಜಿಡ್ಡು, ಊದಿ ಊದಿ ಸುಸ್ತು ಬೇರೆ.

ಸೌದೆ ಸೀಳಿ, ಮಳೆ ತಾಗದ ಗಾಳಿಯಾಡುವ ಕಡೆ ಕೆಲವು ತಿಂಗಳು ಒಟ್ಟಿಡಿ. ಎರಡು ತುಂಡು ಬಡಿದು ನೋಡಿ: ಒಣಗಿದ್ದರೆ ಠಣ್ ಅನ್ನುತ್ತದೆ, ಹಸಿಯಾಗಿದ್ದರೆ ದಪ್. ತುದಿಯಲ್ಲಿ ಬಿರುಕು ಬಿಟ್ಟಿದ್ದರೂ ಒಣಗಿದ ಲಕ್ಷಣವೇ.

ಹಾಗಂತ ಒಣ ಸೌದೆಯನ್ನು ಒಲೆಬಾಯಿ ತುಂಬ ತುಂಬಿದರೆ ಮತ್ತೆ ಹೊಗೆಯೇ. ಅಡಿಯಿಂದ ಗಾಳಿ ಬರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಬೆಂಕಿಯ ಕೆಳಗೆ ಜಾಲರಿ, ಹೊಗೆಗೆ ಕೊಳವೆ ಇಟ್ಟಿದ್ದು ಇದಕ್ಕೇ. ಹಳೇ ಒಲೆಯಾದರೆ ಬೆಳಗ್ಗೆ ಬೂದಿ ಬಾಚಿ ತೆಗೆಯಿರಿ, ಸಣ್ಣ ಸೀಳುಗಳನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳುತ್ತಿರಿ. ಹಂಡೆಗೆ ಮುಚ್ಚಳ ಹಾಕುವುದನ್ನು ಮರೆಯುವವರೇ ಜಾಸ್ತಿ, ಅಲ್ವಾ?