ಕಲ್ಲು ತಿರುಗುತ್ತಿಲ್ಲ ಅನ್ನೋದಕ್ಕೆ ಸಾಕ್ಷಿ ಏನು?

ಗ್ರಾಹಕ ಆಯೋಗಕ್ಕೆ ಹೋಗಲು ವಕೀಲರು ಬೇಕಿಲ್ಲ. ಪ್ರತಿ ಡಿಸೆಂಬರ್ 24ಕ್ಕೆ, ರಾಷ್ಟ್ರೀಯ ಗ್ರಾಹಕರ ದಿನದ ಭಾಷಣಗಳಲ್ಲಿ ಈ ಮಾತು ಬಂದೇ ಬರುತ್ತದೆ. ಚಪ್ಪಾಳೆಯೂ ಬೀಳುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿದರಂತೂ ಕಣ್ಣು ತುಂಬಿ ಬರಬೇಕು, ಗ್ರಾಹಕನ ಮೇಲೆ ಅಷ್ಟು ಪ್ರೀತಿ. ವಸ್ತುವಿಗೆ ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ನೀವಿರುವ ಊರಲ್ಲೇ ದೂರು ಕೊಡಬಹುದು, ನೀವೇ ನಿಂತು ವಾದಿಸಬಹುದು. ಎದುರುದಾರರಿಗೆ ನೋಟಿಸು ಮುಟ್ಟಿದ 3 ತಿಂಗಳೊಳಗೆ ಕೇಸು ಮುಗಿಸಲು ಪ್ರಯತ್ನ ಮಾಡಬೇಕಂತೆ. ಪ್ರಯತ್ನ ಮಾಡಬೇಡಿ ಅಂತ ಯಾರೂ ಅಂದಿಲ್ಲ ಬಿಡಿ.

ಹನುಮಂತನಗರದ ರಿಟೈರ್ಡ್ ಮೇಷ್ಟ್ರೊಬ್ಬರು ಇದನ್ನೆಲ್ಲ ನಂಬಿಬಿಟ್ಟರು. ಬಿಳಿ ಹಾಳೆ ತಗೊಂಡು ದುಂಡಗೆ ಬರೆದರು: ಗ್ರೈಂಡರ್ ಕೊಂಡೆ. ಕಲ್ಲು ತಿರುಗಲಿಲ್ಲ. ಅಂಗಡಿಯವರು ಫೋನ್ ಎತ್ತಲಿಲ್ಲ. ದುಡ್ಡು ವಾಪಸ್ ಕೊಡಿಸಿ. ನಾಲ್ಕೇ ಸಾಲು, ಒಂದು ಕಾಗುಣಿತ ತಪ್ಪಿಲ್ಲ.

"ಇದು ಹೀಗಲ್ಲ ಸಾರ್," ಅಂದರು ಆಯೋಗದ ಕೌಂಟರಿನವರು. "ಇಂಡೆಕ್ಸ್ ಎಲ್ಲಿ? ಅಫಿಡವಿಟ್ ಎಲ್ಲಿ? ಪೇಜ್ ನಂಬರ್ ಹಾಕಿಲ್ಲ. ಲಾಯರ್ ಇಲ್ವಾ?"

"ಲಾಯರ್ ಬೇಕಿಲ್ಲ ಅಂತ..."

"ಬೇಕಿಲ್ಲ ಸಾರ್. ಆದ್ರೆ ಲಾಯರ್ ಇದ್ದಿದ್ರೆ ಇದೆಲ್ಲ ಗೊತ್ತಿರ್ತಿತ್ತು."

ಆನ್‌ಲೈನ್‌ನಲ್ಲಿ ಹಾಕಿದ್ದೀನಲ್ಲ ಅಂದರು ಮೇಷ್ಟ್ರು. ತುಂಬಾ ಒಳ್ಳೇದು, ಈಗ ಅದರ ಹಾರ್ಡ್ ಕಾಪಿ ಕೊಡಿ ಅಂದರು. ನಮ್ಮ ಡಿಜಿಟಲ್ ಇಂಡಿಯಾ ನಿಂತಿರುವುದೇ ಜೆರಾಕ್ಸ್ ಅಂಗಡಿಗಳ ಮೇಲೆ, ಅಲ್ವಾ?

ಟೈಪಿಂಗ್ ಅಂಗಡಿಯ ಹುಡುಗನೇ ಕೊನೆಗೆ ದಾರಿ ತೋರಿದ್ದು. ಅವನ ಕಂಪ್ಯೂಟರಿನಲ್ಲಿ ದೂರು ಆಗಲೇ ರೆಡಿ ಇತ್ತು, ಯಾರದ್ದೋ ವಾಷಿಂಗ್ ಮೆಷಿನ್ನಿನದ್ದು. ಹೆಸರು, ವಿಳಾಸ ಬದಲಾಯಿಸಿದ. 'ದೂರುದಾರರು ತೀವ್ರ ಮಾನಸಿಕ ಯಾತನೆ ಅನುಭವಿಸಿರುತ್ತಾರೆ' ಅನ್ನೋ ಸಾಲಿಗೆ ಬಂದಾಗ ಮೇಷ್ಟ್ರು ತಡೆದರು.

"ಯಾತನೆ ಏನಿಲ್ಲಪ್ಪ. ಮನೇಲಿ ದೋಸೆ ಹಿಟ್ಟಿಲ್ಲ, ಅಷ್ಟೇ."

"ಇರ್ಲಿ ಸಾರ್. ಯಾತನೆ ಇಲ್ದೆ ಪರಿಹಾರ ಹೇಗೆ ಕೇಳ್ತೀರಾ?"

ನಾಲ್ಕು ಸಾಲು ಹತ್ತೊಂಬತ್ತು ಪುಟವಾಯಿತು. ಅದರಲ್ಲೊಂದು ಕಡೆ 'ಸದರಿ ವಾಷಿಂಗ್ ಮೆಷಿನ್' ಅಂತ ಹಾಗೇ ಉಳಿದಿತ್ತು. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ತಿದ್ದಿದರು. ಕೆಂಪು ಪೆನ್ನಿನಲ್ಲಿ ತಿದ್ದಿದ್ದು ನಡೆಯುವುದಿಲ್ಲ ಅಂತ ಮತ್ತೆ ಪ್ರಿಂಟು ಹಾಕಿಸಿದರು.

ಇನ್ನು ಎದುರುದಾರರು. ವಕೀಲರು ಬೇಕಿಲ್ಲ ಅನ್ನೋ ಸೌಲಭ್ಯವನ್ನು ಕಂಪನಿಗಳು ಮಾತ್ರ ಯಾಕೋ ಬಳಸಿಕೊಳ್ಳುವುದಿಲ್ಲ. ಆ ಕಡೆಯಿಂದ ಒಬ್ಬ ಸೀನಿಯರ್, ಅವರ ಫೈಲು ಹಿಡಿದುಕೊಳ್ಳಲು ಒಬ್ಬ ಜೂನಿಯರ್. ಅವರ ಒಂದು ದಿನದ ಫೀಸಿಗೆ ಹೊಸ ಗ್ರೈಂಡರ್ ತಂದು ಕೊಡಬಹುದಿತ್ತು. ಆದರೆ ಕಂಪನಿಗೂ ಒಂದು ಸ್ವಾಭಿಮಾನ ಬೇಡವೇ?

ಉತ್ತರ ಕೊಡಲು ಕಾಯ್ದೆ 30 ದಿನ ಕೊಡುತ್ತದೆ, ಆಯೋಗ ಒಪ್ಪಿದರೆ ಇನ್ನೂ 15. ಅದರಾಚೆಗೆ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಕಂಪನಿಯವರು ಶಿಸ್ತಿನವರು, ಸರಿಯಾಗಿ ನಲವತ್ತೈದನೇ ದಿನ ಕೊಟ್ಟರು. ಕಲ್ಲು ತಿರುಗುತ್ತಿಲ್ಲ ಎಂಬುದನ್ನು ಅಲ್ಲಗಳೆಯಲಾಗಿದೆ. ಅದನ್ನು ದೂರುದಾರರೇ ಸಾಬೀತು ಮಾಡತಕ್ಕದ್ದು. ತಜ್ಞರ ವರದಿ ಹಾಜರುಪಡಿಸಿಲ್ಲ.

ಸ್ವಿಚ್ ಹಾಕಿ ನೋಡಿದರೆ ಮೂರನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ ಅಂದರು ಮೇಷ್ಟ್ರು. ಮಗು ತಜ್ಞರಲ್ಲ. ಬೇಕಾದರೆ ಪ್ರಯೋಗಾಲಯಕ್ಕೆ ಕಳಿಸಬಹುದು. ಅದಕ್ಕೂ ಕಾಯ್ದೆಯಲ್ಲಿ ದಾರಿ ಇದೆ: ಪರೀಕ್ಷೆಯ ಶುಲ್ಕವನ್ನು ದೂರುದಾರರೇ ಕಟ್ಟಬೇಕು, ಕೇಸು ಮುಗಿಸುವ 3 ತಿಂಗಳ ಗಡುವು 5 ತಿಂಗಳಾಗುತ್ತದೆ. ಸದ್ಯಕ್ಕೆ ಮುಂದಿನ ವಾಯ್ದೆ.

ಹೊರಗೆ ಕಾರಿಡಾರಿನಲ್ಲಿ ಕಂಪನಿಯ ಜೂನಿಯರ್ ಮೇಷ್ಟ್ರ ಫೈಲು ತಿರುವಿ ನೋಡಿದ. "ಡ್ರಾಫ್ಟಿಂಗ್ ಚೆನ್ನಾಗಿದೆ ಸಾರ್. ಯಾವ ಲಾಯರ್ ಹತ್ರ ಮಾಡಿಸಿದ್ರಿ?"

ಮನೆಯಲ್ಲಿ ಮೇಷ್ಟ್ರ ಹೆಂಡತಿ ಇಷ್ಟು ದಿನ ಅಂಗಡಿಯಿಂದ ತಂದ ಹಿಟ್ಟಿನ ಪ್ಯಾಕೆಟ್ಟಿನ ಬಿಲ್ಲುಗಳನ್ನೆಲ್ಲ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. "ರೀ, ಇದನ್ನೂ ಕೇಸಿಗೆ ಸೇರಿಸಿ," ಅಂದರು.

"ಹಾಗೆಲ್ಲ ಸುಮ್ನೆ ಸೇರಿಸೋಕಾಗಲ್ಲ ಕಣೇ," ಅಂದರು ಮೇಷ್ಟ್ರು. "ತಿದ್ದುಪಡಿ ಅರ್ಜಿ ಹಾಕ್ಬೇಕು. ಅಫಿಡವಿಟ್ ಬೇಕು. ಇಂಡೆಕ್ಸ್ ಎಲ್ಲಿ?"