ಪದಕ್ಕೆ ಮಾರ್ಕ್ ಕೊಡುವ ಆಜ್ಞೆ

ಇವತ್ತು ಮಧ್ಯಾಹ್ನ ಊಟ ಮುಗಿಸಿ ಬಂದು ಕುಳಿತಿದ್ದೆ. ಪಕ್ಕದ ಮೇಜಿನಲ್ಲಿ ಈಮ್ಯಾಕ್ಸ್ ಎಂಬ ಪಠ್ಯ ತಿದ್ದುವ ತಂತ್ರಾಂಶ ಕಲಿಯುತ್ತಿದ್ದ ಹುಡುಗಿಯಿಂದ ಪ್ರಶ್ನೆ ಬಂತು. "ಸರ್, ಮಾರ್ಕ್-ವರ್ಡ್ ಎಂದರೆ ಪದಕ್ಕೆ ಅಂಕ ಕೊಡುವುದೇ?"

ಮೊದಲು ನಗು ಬಂತು, ಆಮೇಲೆ ಸಿಟ್ಟು. ಸಿಟ್ಟು ಆ ಹುಡುಗಿಯ ಮೇಲೆ ಖಂಡಿತ ಅಲ್ಲ. ಮಾರ್ಕ್ಸ್ ಕಾರ್ಡು ಹಿಡಿದುಕೊಂಡೇ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಮಾರ್ಕ್ ಎಂದರೆ ಇನ್ನೇನು ಹೊಳೆಯಬೇಕು?

ನನ್ನ ಈಮ್ಯಾಕ್ಸ್ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಮನೆಯ ದಿನಸಿ ಪಟ್ಟಿಯನ್ನೂ ಅದರಲ್ಲೇ ಬರೆಯುವವನು ಎಂದು ಇಲ್ಲಿ ಎಷ್ಟು ಜನ ಕಾಲೆಳೆದಿದ್ದೀರಿ ಎಂಬ ಲೆಕ್ಕವೂ ನನ್ನ ಹತ್ತಿರ ಇದೆ. ಕಚೇರಿಯಲ್ಲಿ ಕರಡು ತಿದ್ದುವವರಿಗೆ ಅದನ್ನು ಕಲಿಸುತ್ತೇನೆಂದು ಹಟ ಹಿಡಿದವನೂ ನಾನೇ. ಹಾಗಾಗಿ ಈ ಬೈಗುಳವನ್ನು ಹೊರಗಿನವನ ದೂರೆಂದು ಓದಬೇಡಿ. ಮನೆಯವರು ಮನೆಯವರಿಗೇ ಬೈಯುವ ಹಾಗೆ ಇದು.

ಆದದ್ದು ಇಷ್ಟು. ಅವಳಿಗೆ ಒಂದು ಪದವನ್ನು ಆರಿಸಿಕೊಳ್ಳಬೇಕಿತ್ತು. ನಾನೇ ಹೇಳಿಕೊಟ್ಟಂತೆ ಆಲ್ಟ್ ಎಕ್ಸ್ ಒತ್ತಿ, ಸೆಲೆಕ್ಟ್ ಎಂದು ಬರೆದು, ಹಾಗೆ ಶುರುವಾಗುವ ಆಜ್ಞೆಗಳ ಪಟ್ಟಿಗಾಗಿ ಟ್ಯಾಬ್ ಒತ್ತಿದ್ದಾಳೆ. ಫ್ರೇಮ್ ಆರಿಸುವ ಆಜ್ಞೆ ಬಂತು, ಟ್ಯಾಗ್ ಕೋಷ್ಟಕ ಆರಿಸುವ ಆಜ್ಞೆ ಬಂತು. ಕಣ್ಣೆದುರಿಗೆ ಇರುವ ಪಠ್ಯವನ್ನು ಆರಿಸುವ ಆಜ್ಞೆ ಮಾತ್ರ ಅಲ್ಲಿಲ್ಲ. ಅದು ಮಾರ್ಕ್ ಎಂಬ ಹೆಸರಿನಡಿ ಅಡಗಿ ಕುಳಿತಿದೆ ಎಂದು ತೋರಿಸಿಕೊಟ್ಟೆ. ಮೈಸೂರಿನಲ್ಲಿ ಎಂಬ ಪದದ ಮಧ್ಯೆ, 'ಮೈ' ಮುಗಿದಲ್ಲಿ ಕರ್ಸರ್ ಇತ್ತು. ಮಾರ್ಕ್-ವರ್ಡ್ ಒತ್ತಿದಳು. ಬಣ್ಣ ಬಂದದ್ದು 'ಸೂರಿನಲ್ಲಿ'ಗೆ ಮಾತ್ರ.

"ಸರ್, ಅರ್ಧ ಪದವನ್ನೇ ಹಿಡಿಯಿತಲ್ಲ?"

ಹೌದಮ್ಮ, ಅರ್ಧವನ್ನೇ ಹಿಡಿಯುತ್ತದೆ. ಏಕೆಂದರೆ ಆ ಆಜ್ಞೆ ಪದವನ್ನು ಆರಿಸುವುದೇ ಇಲ್ಲ. ಪದದ ಕೊನೆಯಲ್ಲಿ ಒಂದು ಗುರುತು ಇಟ್ಟು ಸುಮ್ಮನಾಗುತ್ತದೆ. ಆ ಗುರುತಿನಿಂದ ಕರ್ಸರ್‌ವರೆಗೆ ಏನಿದೆಯೋ ಅದೇ 'ರೀಜನ್', ಅಂದರೆ ನಾವು ನೀವು ಆಯ್ಕೆ ಎಂದು ಕರೆಯುವ ಭಾಗ. ಜಮೀನು ಕೊಳ್ಳಲು ಹೋದವನಿಗೆ ಒಂದು ಮೂಲೆಯಲ್ಲಿ ಬಾಂದುಕಲ್ಲು ನೆಟ್ಟು, "ನೀವು ನಿಂತಿರುವ ಜಾಗದಿಂದ ಅಲ್ಲಿಯವರೆಗೆ ನಿಮ್ಮದು" ಎಂದ ಹಾಗಾಯಿತು. ಕಲ್ಲು ನೆಟ್ಟವನಿಗೆ ಅವನ ಕೆಲಸ ಮುಗಿದಿರಬಹುದು. ನನಗೆ ಬೇಕಾಗಿದ್ದದ್ದು ಹೊಲ.

ನನ್ನ ತಕರಾರೆಲ್ಲ ಇಷ್ಟೇ. ಒಳಗೆ ಯಂತ್ರ ಏನು ಮಾಡುತ್ತದೆ ಎಂಬುದನ್ನು ನೋಡಿ ಹೆಸರಿಟ್ಟಿದ್ದಾರೆ, ಕುಳಿತವನಿಗೆ ಏನು ಬೇಕು ಎಂಬುದನ್ನು ನೋಡಿ ಇಟ್ಟಿಲ್ಲ. ಹೋಗಲಿ, ಇಟ್ಟ ಹೆಸರಿನಂತಾದರೂ ನಡೆಯುತ್ತವೆಯೇ? ಮಾರ್ಕ್-ವರ್ಡ್ ಕರ್ಸರನ್ನು ಇದ್ದಲ್ಲಿಯೇ ಬಿಡುತ್ತದೆ. ಮಾರ್ಕ್-ಪ್ಯಾರಾಗ್ರಾಫ್ ಕರ್ಸರನ್ನು ಪ್ಯಾರಾದ ಆರಂಭಕ್ಕೆ ಒಯ್ಯುತ್ತದೆ, ಮೇಲಿನ ಒಂದು ಖಾಲಿ ಸಾಲನ್ನೂ ಜೊತೆಗೆ ಸೇರಿಸಿಕೊಳ್ಳುತ್ತದೆ. ಇಡೀ ಕಡತವನ್ನು ಆರಿಸುವ ಮಾರ್ಕ್-ಹೋಲ್-ಬಫರ್ ನಿಮ್ಮನ್ನು ಎತ್ತಿ ಕಡತದ ನೆತ್ತಿಯಲ್ಲಿ ಕೂರಿಸುತ್ತದೆ. ನಾನೂರನೆಯ ಸಾಲಿನಲ್ಲಿ ಒಂದು ಒತ್ತಕ್ಷರ ತಿದ್ದುತ್ತಿದ್ದವನಿಗೆ ತಾನೆಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಹಿಂದಿರುಗುವ ಕೀಲಿ ಇದೆ, ಒಂದೆರಡು ಸಲ ಒತ್ತಿದರೆ ಹಳೆಯ ಜಾಗ ಸಿಗುತ್ತದೆ. ಅದು ಬೇರೆ ಪಾಠ, ಎರಡನೆಯ ವಾರದ್ದು. ಒಂದೇ ಮನೆತನದ ಹೆಸರು ಹೊತ್ತ ಮೂರು ಆಜ್ಞೆಗಳು, ಮೂರಕ್ಕೂ ಮೂರು ಬುದ್ಧಿ.

ಇದರ ನಡುವೆ ಒಂದೇ ಒಂದು ಹೆಸರು ಪ್ರಾಮಾಣಿಕವಾಗಿದೆ: ಮಾರ್ಕ್-ಎಂಡ್-ಆಫ್-ಸೆಂಟೆನ್ಸ್. ವಾಕ್ಯದ ಕೊನೆಯಲ್ಲಿ ಗುರುತಿಡುತ್ತೇನೆ ಎಂದು ಹೇಳುತ್ತದೆ, ಗುರುತಿಡುತ್ತದೆ. ಪಾಪ, ಅದಕ್ಕೆ ಒಂದು ಕೀಲಿಯನ್ನೂ ಕೊಟ್ಟಿಲ್ಲ. ಕನ್ನಡದ ಕರಡಿನ ಮೇಲೆ ಅದನ್ನು ಓಡಿಸಿದರೆ ಇನ್ನೊಂದು ತಮಾಷೆ. ಪೂರ್ಣವಿರಾಮದ ನಂತರ ಎರಡು ಸ್ಪೇಸ್ ಇದ್ದರೆ, ಇಲ್ಲವೇ ಸಾಲು ಮುಗಿದಿದ್ದರೆ ಮಾತ್ರ ವಾಕ್ಯ ಮುಗಿಯಿತು ಎಂಬುದು ಈಮ್ಯಾಕ್ಸಿನ ಹುಟ್ಟುಗುಣ. ಅಮೆರಿಕದ ಟೈಪ್‌ರೈಟರ್ ಕಾಲದ ಅಭ್ಯಾಸ ಅದು. ನಾವು ಒಂದೇ ಸ್ಪೇಸ್ ಬಿಡುವವರು. ಹಾಗಾಗಿ ಒಂದು ವಾಕ್ಯ ಬೇಕೆಂದವರ ಕೈಗೆ ಪ್ಯಾರಾದ ತುದಿಯವರೆಗಿನ ಒಂಬತ್ತು ವಾಕ್ಯಗಳು ಬರುತ್ತವೆ. ಸಂರಚನೆಯ (ಸೆಟ್ಟಿಂಗಿನ) ಕಡತದಲ್ಲಿ ಒಂದು ಸಾಲು ಬರೆದರೆ ಸರಿಹೋಗುತ್ತದೆ, ಗೊತ್ತು. ಆ ಒಂದು ಸಾಲು ನನಗೆ ಸಿಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನು ಇತಿಹಾಸದ ಪಾಠ ಹೇಳಲು ಬರುವವರಿದ್ದಾರೆ, ನನಗೆ ಗೊತ್ತು. ಈಮ್ಯಾಕ್ಸ್ ಹುಟ್ಟಿದ್ದು 1976ರಲ್ಲಿ, ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ಟೆಕೊ ಎಂಬ ಸಂಪಾದಕ ತಂತ್ರಾಂಶದ ಮ್ಯಾಕ್ರೋಗಳ (ಹಲವು ಆಜ್ಞೆಗಳನ್ನು ಒಂದಾಗಿಸಿದ ತುಣುಕುಗಳ) ಕಟ್ಟಾಗಿ. ಆಯ್ದ ಭಾಗಕ್ಕೆ ಬಣ್ಣ ಹಚ್ಚಿ ತೋರಿಸುವುದು ತಾನಾಗಿಯೇ ಆಗತೊಡಗಿದ್ದು 2009ರ 23ನೆಯ ಆವೃತ್ತಿಯಿಂದ. ಅಲ್ಲಿಯವರೆಗೆ ಗುರುತು ಕಣ್ಣಿಗೆ ಕಾಣದ ಬಿಂದು, ಮನಸ್ಸಿನಲ್ಲೇ ನೆನಪಿಟ್ಟುಕೊಳ್ಳಬೇಕಾದದ್ದು. ಕಾಣದ ವಸ್ತುವನ್ನು ಆರಿಸಿದೆ ಎನ್ನುವುದಕ್ಕಿಂತ ಗುರುತಿಟ್ಟೆ ಎನ್ನುವುದೇ ಸರಿ ಎಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಒಪ್ಪಿದೆ.

ಆದರೆ ಅದೇ ದಶಕದಲ್ಲಿ, ಅದೇ ದೇಶದ ಇನ್ನೊಂದು ತುದಿಯಲ್ಲಿ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್‌ನಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಜಿಪ್ಸಿ ಎಂಬ ಸಂಪಾದಕ ತಂತ್ರಾಂಶ ಕಟ್ಟುತ್ತಿದ್ದರು. ಅದು ಪಠ್ಯಪುಸ್ತಕ ಪ್ರಕಟಿಸುವ ಗಿನ್ ಸಂಸ್ಥೆಯವರಿಗಾಗಿ. ಅಲ್ಲಿಯ ಸಂಪಾದಕರು ಕಾಗದ, ಕತ್ತರಿ, ಅಂಟು ಹಿಡಿದು ಹೇಗೆ ಕೆಲಸ ಮಾಡುತ್ತಾರೆ ಎಂದು ಮೊದಲು ನೋಡಿದರು, ಆಮೇಲೆ ಆಜ್ಞೆ ಬರೆದರು. ಕಟ್, ಪೇಸ್ಟ್ ಎಂಬ ಮಾತುಗಳು ಇವತ್ತು ನನ್ನ ಅಮ್ಮನಿಗೂ ಗೊತ್ತು. ಈಮ್ಯಾಕ್ಸಿನಲ್ಲಿ ನಕಲು ಮಾಡುವ ಆಜ್ಞೆಯ ಹೆಸರು ಕಿಲ್-ರಿಂಗ್-ಸೇವ್. ಕೊಲ್ಲು, ಉಂಗುರ, ಉಳಿಸು! ಕೊಂದ ಮೇಲೆ ಉಳಿಸುವುದೇನು ಬಂತು? ಅಂಟಿಸುವುದಕ್ಕೆ ಇಲ್ಲಿ ಯಾಂಕ್ ಎಂದರೆ, ಇಂಥದ್ದೇ ಇನ್ನೊಂದು ತಂತ್ರಾಂಶವಾದ ವಿಮ್‌ನಲ್ಲಿ ನಕಲು ಮಾಡುವುದಕ್ಕೆ ಯಾಂಕ್. ಎರಡನ್ನೂ ಬಳಸುವವರ ಬೆರಳುಗಳ ಪಾಡು ದೇವರಿಗೇ ಪ್ರೀತಿ.

ವಿಮ್ ವಿಷಯ ಬಂದದ್ದರಿಂದ ಒಂದು ಮಾತು. ಆ ಕಡೆಯವರನ್ನು ಹೊಗಳುವಾಗ ನನಗೆ ಗಂಟಲು ಕಟ್ಟುತ್ತದೆ, ಆದರೂ ಹೇಳುತ್ತೇನೆ. ಅಲ್ಲಿ ಉದ್ಧರಣ ಚಿಹ್ನೆಯ ಒಳಗಿನದು ಬೇಕಾದರೆ ಒಂದು ಅಕ್ಷರ, ಚಿಹ್ನೆ ಸಮೇತ ಬೇಕಾದರೆ ಇನ್ನೊಂದು ಅಕ್ಷರ. ಸುಲಿದ ಬಾಳೆಹಣ್ಣೋ ಸಿಪ್ಪೆ ಸಮೇತವೋ ಎಂದು ಕೇಳಿಯೇ ಕೊಡುತ್ತಾರೆ. ಪದಕ್ಕೂ ಅದೇ, ಪ್ಯಾರಾಕ್ಕೂ ಅದೇ, ಆವರಣಕ್ಕೂ ಅದೇ. ಒಂದು ಕಲಿತರೆ ಹತ್ತು ಬಂತು. ಕರ್ಸರ್ ಪದದ ನಡುವೆ ಇದ್ದರೂ ಇಡೀ ಪದ ಸಿಗುತ್ತದೆ.

"ಐವತ್ತು ವರ್ಷದ ಹೆಸರನ್ನು ಈಗ ಬದಲಿಸಿದರೆ ಎಲ್ಲರ ಸಂರಚನೆ ಮುರಿದುಬೀಳುತ್ತದೆ" ಎನ್ನುತ್ತೀರಿ. ಬೀಳುವುದಿಲ್ಲ. ಹಳೆಯ ಹೆಸರನ್ನು ಹೊಸದಕ್ಕೆ ಅಲಿಯಾಸ್ ಮಾಡಿ ಉಳಿಸಿಕೊಳ್ಳುವ ಸೌಲಭ್ಯ ಈಮ್ಯಾಕ್ಸಿನಲ್ಲಿಯೇ ಇದೆ. ಗಂಡನ ಮನೆಯಲ್ಲಿ ಹೆಸರು ಬದಲಾದ ನಮ್ಮ ದೊಡ್ಡಮ್ಮನನ್ನು ತವರಿನವರು ಕೊನೆಯವರೆಗೂ ಹಳೆಯ ಹೆಸರಿನಲ್ಲೇ ಕರೆದರು. ಯಾರ ಮನೆಯೂ ಮುರಿಯಲಿಲ್ಲ.

ಸರಿ, ಇಷ್ಟು ಬೈದ ಮೇಲೆ ನನ್ನ ಅಂಗಳವನ್ನೂ ತೋರಿಸಬೇಕು. ಈಮ್ಯಾಕ್ಸಿನಲ್ಲಿ ಇಡೀ ಸಾಲನ್ನು ಆರಿಸುವ ಆಜ್ಞೆ ಹುಟ್ಟಿನಿಂದಲೇ ಇಲ್ಲ. ಬೇಕಾದವರು ಬರೆದುಕೊಳ್ಳುತ್ತಾರೆ, ನಾನೂ ಬರೆದುಕೊಂಡಿದ್ದೇನೆ. ಇವತ್ತು ಅದನ್ನು ಅವಳಿಗೆ ಕೊಡೋಣವೆಂದು ಕಡತ ತೆರೆದೆ. ನನ್ನ-ಸೆಲೆಕ್ಟ್, ನನ್ನ-ಸೆಲೆಕ್ಟ್-2, ನನ್ನ-ಸೆಲೆಕ್ಟ್-ಸರಿ, ನನ್ನ-ಸೆಲೆಕ್ಟ್-ಸರಿ-ಹೊಸದು. ನಾಲ್ಕೂ ನನ್ನದೇ ಸಂತಾನ, ಯಾವುದು ಏನು ಮಾಡುತ್ತದೆಂದು ನನಗೇ ಗೊತ್ತಿಲ್ಲ. ಅವಳು ಹಿಂದೆ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ನಾಲ್ಕನ್ನೂ ಅಳಿಸಿ ಹೊಸದಾಗಿ ಬರೆದೆ. ಬರೆಯಲು ಕುಳಿತಾಗಲೇ ಗೊತ್ತಾದದ್ದು, ಸಾಲು ಎಂಬುದೂ ಸರಳವಲ್ಲ ಎಂದು. ಪರದೆಯ ಮೇಲೆ ಐದು ಸಾಲಾಗಿ ಮಡಚಿಕೊಂಡು ಕಾಣುವ ಪ್ಯಾರಾ ಕಡತದಲ್ಲಿ ಒಂದೇ ಸಾಲು. ಕೆಳಬಾಣ ಒತ್ತಿದರೆ ಕರ್ಸರ್ ಪರದೆಯ ಸಾಲಿನ ಲೆಕ್ಕದಲ್ಲಿ ಇಳಿಯುತ್ತದೆ, ಕಂಟ್ರೋಲ್ ಕೆ ಒತ್ತಿದರೆ ಕತ್ತರಿಸುವುದು ಕಡತದ ಸಾಲಿನ ಲೆಕ್ಕದಲ್ಲಿ. ನಾನು ಕಣ್ಣಿಗೆ ಕಾಣುವ ಸಾಲಿನ ಪಕ್ಷ ವಹಿಸಿದೆ, ಕರಡು ತಿದ್ದುವವರು ನೋಡುವುದು ಅದನ್ನೇ. ಎರಡನೆಯ ಸಲ ಒತ್ತಿದರೆ ಮುಂದಿನ ಸಾಲೂ ಸೇರಿಕೊಳ್ಳಬೇಕು, ಕರ್ಸರ್ ಆಯ್ಕೆಯ ಕೆಳತುದಿಯಲ್ಲಿ ನಿಲ್ಲಬೇಕು, ಆಯ್ಕೆ ಬೇಡವೆಂದರೆ ಹೊರಟ ಜಾಗಕ್ಕೇ ಮರಳಬೇಕು. ಇಷ್ಟಕ್ಕೆ ರಾತ್ರಿ ಎಂಟೂವರೆ.

ಹೆಸರು ಮಾತ್ರ ಥಟ್ಟನೆ ಹೊಳೆಯಿತು. ಈಮ್ಯಾಕ್ಸಿನ ಆಜ್ಞೆಗಳನ್ನು ಬರೆಯುವ ಈಮ್ಯಾಕ್ಸ್ ಲಿಸ್ಪ್ ಭಾಷೆಯಲ್ಲಿ ಹೆಸರು ಕನ್ನಡ ಅಕ್ಷರಗಳಲ್ಲೇ ಇರಬಹುದು, ಯಾರೂ ತಡೆಯುವುದಿಲ್ಲ. ಸಾಲು-ಆರಿಸು ಎಂದು ಇಟ್ಟೆ. ಜೊತೆಗೇ ಸಾಲು-ಅಳಿಸು, ಸಾಲು-ನಕಲಿಸು, ಪದ-ಆರಿಸು, ವಾಕ್ಯ-ಆರಿಸು. ಇಂಗ್ಲಿಷಿನವರು ಕ್ರಿಯೆಯನ್ನು ಮುಂದಿಡುತ್ತಾರೆ, ನಮ್ಮಲ್ಲಿ ವಸ್ತು ಮೊದಲು, ಕ್ರಿಯೆ ಆಮೇಲೆ. 'ಸಾಲು' ಎಂದು ಬರೆದು ಟ್ಯಾಬ್ ಒತ್ತಿದರೆ ಆರಿಸು, ಅಳಿಸು, ನಕಲಿಸು ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಕೈಗೆ ಮೊದಲು ಸಿಗುವುದು ವಸ್ತುವೇ ತಾನೆ? ಕನ್ನಡದ ವಾಕ್ಯರಚನೆ ಇಷ್ಟು ಚೆನ್ನಾಗಿ ಟ್ಯಾಬ್ ಕೀಲಿಗೆ ಹೊಂದುತ್ತದೆಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಖಾಲಿ ಕಚೇರಿಯಲ್ಲಿ ಒಬ್ಬನೇ ಕುಳಿತು ಆ ಪಟ್ಟಿಯನ್ನು ನಾಲ್ಕೈದು ಸಲ ತೆರೆದು ಮುಚ್ಚಿದೆ. ಕಾವಲಿನವರು ಬಂದು ದೀಪ ಆರಿಸಲೇ ಎಂದು ಕೇಳಿದರು. ಆ ಆರಿಸುವುದು ಬೇರೆ, ಈ ಆರಿಸುವುದು ಬೇರೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. (ಅಂದರೆ ಹೆಸರಿಡುವುದರಲ್ಲಿ ನಾನೂ ಎಡವಿದ್ದೇನೆ. ಗೊತ್ತಾಯಿತು, ಬಿಡಿ.)

ನಾಳೆ ಬೆಳಿಗ್ಗೆ ಅವಳಿಗೆ ಕೊಡುತ್ತೇನೆ. ಕಡತದ ಕಟ್ಟಕಡೆಯ ಸಾಲಿನ ಮೇಲೆ ನಿಂತು ಎರಡು ಸಲ ಒತ್ತಿದರೆ ಇನ್ನೂ ಎಡವಟ್ಟಾಗುತ್ತದೆ. ಅದನ್ನು ಅವಳೇ ಹತ್ತು ನಿಮಿಷದಲ್ಲಿ ಕಂಡುಹಿಡಿಯುತ್ತಾಳೆ.