ವೀಳ್ಯದೆಲೆಗೆ ಬಂದ ದ್ರಾಕ್ಷಿಯ ರೋಗ

ನಿನ್ನೆ ನಮ್ಮ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಅಂತಿಮ ವರ್ಷದವರ ಪ್ರಾಜೆಕ್ಟ್ ಪ್ರದರ್ಶನವಿತ್ತು. ಬೆಂಗಳೂರು ಬಿಟ್ಟು ಬಂದು ತೋಟಕ್ಕೆ ನೀರು ಹಾಯಿಸುತ್ತಿರುವ ನನ್ನನ್ನು ಇನ್ನೂ ಸಾಫ್ಟ್‌ವೇರಿನವನೆಂದೇ ನಂಬಿರುವ ಮಿತ್ರರೊಬ್ಬರು ಅಲ್ಲಿ ಪಾಠ ಮಾಡುತ್ತಾರೆ; ಅವರು ಕರೆದರೆಂದು ಹೋಗಿದ್ದೆ. ಇಪ್ಪತ್ತಾರು ಮೇಜುಗಳಿದ್ದವು. ಐದು ಮೇಜುಗಳ ಮೇಲೆ ಇದ್ದದ್ದು ಒಂದೇ ಪ್ರಾಜೆಕ್ಟು: ಎಲೆಯ ಫೋಟೊ ನೋಡಿ ರೋಗ ಹೇಳುವ ಆ್ಯಪ್. ಐದೂ ಪೋಸ್ಟರುಗಳ ಮೇಲೆ ‘ರೈತಸ್ನೇಹಿ’ ಎಂಬ ಪದವಿತ್ತು, ಐದರಲ್ಲೂ ನಿಖರತೆ, ಅಂದರೆ ನೂರಕ್ಕೆ ಎಷ್ಟು ಉತ್ತರ ಸರಿ ಎಂಬ ಲೆಕ್ಕ, 97ರಿಂದ ಕೆಳಗಿಳಿದಿರಲಿಲ್ಲ.

ಮೊದಲ ಮೇಜಿನ ಹುಡುಗ ಲ್ಯಾಪ್‌ಟಾಪಿನಲ್ಲಿ ಮೊದಲೇ ಇಟ್ಟುಕೊಂಡಿದ್ದ ಟೊಮೆಟೊ ಎಲೆಯ ಚಿತ್ರವೊಂದನ್ನು ತೋರಿಸಿ, ಮೊದಲೇ ಗೊತ್ತಿದ್ದ ಉತ್ತರವನ್ನು ತೆಗೆಸಿದ. “ಅಕ್ಯುರಸಿ ಎಷ್ಟು?” ಎಂದು ತೀರ್ಪುಗಾರರು ಕೇಳಿದರು. “98.6 ಸರ್.” ಬರೆದುಕೊಂಡು ಮುಂದಿನ ಮೇಜಿಗೆ ನಡೆದರು. ನಾನು ಅಲ್ಲೇ ನಿಂತೆ. ನನ್ನ ಎಲೆ-ಅಡಿಕೆ ಚಟ ನಿಮಗೆಲ್ಲ ಗೊತ್ತಿರುವುದೇ. ಸಂಚಿಯಿಂದ ಒಂದು ವೀಳ್ಯದೆಲೆ ತೆಗೆದು ಮೇಜಿನ ಮೇಲಿಟ್ಟು, “ಇದನ್ನೊಮ್ಮೆ ನೋಡಪ್ಪ” ಎಂದೆ. ಅವನು ಫೋನು ಹಿಡಿದ. ಎರಡು ಸೆಕೆಂಡಿನಲ್ಲಿ ಪರದೆಯ ಮೇಲೆ ತೀರ್ಪು ಮೂಡಿತು: ದ್ರಾಕ್ಷಿ, ಕಪ್ಪು ಕೊಳೆ ರೋಗ, ಶೇಕಡಾ 96 ಖಚಿತ.

ಹುಡುಗ ಬೆವರಿದ. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಆಗಲೇ ಮೂರು ಮೇಜು ದಾಟಿ ಹೋಗಿದ್ದವರ ಮೇಲೆ.

ಈ ಐವರೂ ಬಳಸಿದ್ದು ಪ್ಲಾಂಟ್‌ವಿಲೇಜ್ ಎಂಬ ಪ್ರಸಿದ್ಧ ಚಿತ್ರಸಂಗ್ರಹವನ್ನು. ಅದರಲ್ಲಿರುವುದು 14 ಬೆಳೆಗಳ 54,306 ಚಿತ್ರಗಳು. ಹೆಚ್ಚಿನವು ಎಲೆಯನ್ನು ಗಿಡದಿಂದ ಕಿತ್ತು, ಒಂದೇ ಬಣ್ಣದ ಹಾಳೆಯ ಮೇಲೆ ಹರವಿ ತೆಗೆದವು. ಅದರಲ್ಲಿ ಬ್ಲೂಬೆರಿ ಇದೆ, ರಾಸ್ಪ್‌ಬೆರಿ ಇದೆ. ಅಡಿಕೆ ಇಲ್ಲ, ಭತ್ತ ಇಲ್ಲ, ಶೇಂಗಾ ಇಲ್ಲ. ಹೊನ್ನಾಳಿಯವರು ರಾಸ್ಪ್‌ಬೆರಿ ಹಾಕುವ ದಿನಕ್ಕೆ ನಮ್ಮ ಮಕ್ಕಳು ಈಗಲೇ ಸಿದ್ಧರಾಗಿದ್ದಾರೆ ಎಂದು ಸಮಾಧಾನ ಪಡಬಹುದೇನೋ. ಈ ಚಿತ್ರಗಳನ್ನು ನೋಡಿ ಕಲಿತ ಕಂಪ್ಯೂಟರ್ ಮಾದರಿಗೆ ಗೊತ್ತಿರುವುದು 38 ಉತ್ತರಗಳು ಮಾತ್ರ: ಇಂಥ ಬೆಳೆ, ಇಂಥ ರೋಗ, ಇಲ್ಲವೇ ಆರೋಗ್ಯವಂತ ಎಲೆ. ಏನನ್ನೇ ತೋರಿಸಿದರೂ ಆ ಮೂವತ್ತೆಂಟರ ನಡುವೆಯೇ ನೂರು ಪಾಲನ್ನು ಹಂಚಲೇಬೇಕು. ‘ನನಗೆ ಗೊತ್ತಿಲ್ಲ’ ಎಂಬ ಮೂವತ್ತೊಂಬತ್ತನೆಯ ಉತ್ತರವನ್ನು ಅದಕ್ಕೆ ಯಾರೂ ಕಲಿಸಿಲ್ಲ. ನನ್ನ ಚಪ್ಪಲಿಯನ್ನು ತೋರಿಸಿದ್ದರೂ ಅದಕ್ಕೊಂದು ಬೆಳೆ, ಒಂದು ರೋಗ ಸಿಕ್ಕಿರುತ್ತಿತ್ತು.

ಇದು ನಾನು ಕಂಡುಹಿಡಿದ ಗುಟ್ಟೇನಲ್ಲ. 2016ರಲ್ಲಿ ಮೊಹಂತಿ, ಹ್ಯೂಸ್ ಮತ್ತು ಸಲಾಥೆ ಎಂಬ ಸಂಶೋಧಕರು ಇದೇ ಸಂಗ್ರಹದ ಮೇಲೆ 99.35ರಷ್ಟು ನಿಖರತೆ ಪಡೆದು ಪ್ರಬಂಧ ಪ್ರಕಟಿಸಿದಾಗ, ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟರೆ ಅದು 31.4ಕ್ಕೆ ಕುಸಿಯುತ್ತದೆ ಎಂಬುದನ್ನೂ ಅದೇ ಪ್ರಬಂಧದಲ್ಲಿ ಪ್ರಾಮಾಣಿಕವಾಗಿ ಬರೆದಿದ್ದರು. ಐದು ಪೋಸ್ಟರುಗಳ ಪೈಕಿ ಮೂರರಲ್ಲಿ ಆ ಪ್ರಬಂಧದ ಹೆಸರಿತ್ತು. 31.4 ಮಾತ್ರ ಎಲ್ಲಿಯೂ ಇರಲಿಲ್ಲ.

ವಿದ್ಯಾರ್ಥಿಗಳಿಗೆ ಸಮಯವೆಲ್ಲಿದೆ, ಕ್ಯಾಂಪಸ್ ಸಂದರ್ಶನ, ಇಂಟರ್ನಲ್ಸು, ಇಂಟರ್ನ್‌ಶಿಪ್ಪುಗಳ ನಡುವೆ ಇಷ್ಟು ಮಾಡಿದ್ದೇ ಹೆಚ್ಚಲ್ಲವೇ ಎಂದು ಮಿತ್ರರು ಸಮಜಾಯಿಷಿ ಕೊಟ್ಟರು. ಇರಬಹುದು. ಆದರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೇ ಊರಿನಲ್ಲಿದೆ, ಎಲೆ ನೋಡಿ ರೋಗ ಹೇಳಬಲ್ಲವರು ಅಲ್ಲಿದ್ದಾರೆ, ಹೋಗಿಬರಲು ಅರ್ಧ ದಿನ ಸಾಕು. ಪೋಸ್ಟರಿನ ಅಂಚಿಗೆ ಭತ್ತದ ತೆನೆಯ ಚಿತ್ರ ಕೂರಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿರುತ್ತದೆ.

ಇಷ್ಟು ಗುಡುಗಿದ ಮೇಲೆ ಒಂದು ತಪ್ಪೊಪ್ಪಿಗೆ. 2003ರಲ್ಲಿ ನಾವು ನಾಲ್ವರು ಅಂತಿಮ ವರ್ಷಕ್ಕೆ ಮಾಡಿದ್ದು, ಅಂದರೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಆರು ಸಾವಿರ ಕೊಟ್ಟು ಸಿ.ಡಿ.ಯಲ್ಲಿ ತಂದದ್ದು, ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ. ನಮ್ಮ ಕಾಲೇಜಿನ ಗ್ರಂಥಾಲಯ ನಮ್ಮ ಲ್ಯಾಬಿನ ಕೆಳಗಿನ ಮಹಡಿಯಲ್ಲೇ ಇತ್ತು. ಅಲ್ಲಿ ಪುಸ್ತಕಗಳ ಲೆಕ್ಕವನ್ನು ಹೇಗೆ ಇಡುತ್ತಾರೆ ಎಂದು ನಾಲ್ವರಲ್ಲಿ ಒಬ್ಬರೂ ಇಳಿದು ಹೋಗಿ ಕೇಳಲಿಲ್ಲ, ಪರೀಕ್ಷಕರೂ ನಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ನಾನೂ ನಿನ್ನೆಯ ಹುಡುಗನಂತೆಯೇ ಬೆವರುತ್ತಿದ್ದೆ.

ಕೊನೆಯ ಸಾಲಿನ ಮೂಲೆಯಲ್ಲಿ, ಕೈತೊಳೆಯುವ ಜಾಗದ ಪಕ್ಕ, ಇಬ್ಬರು ಹುಡುಗಿಯರ ಮೇಜಿತ್ತು. ಅವರದು ಮೆಕ್ಕೆಜೋಳದ ಸೈನಿಕ ಹುಳುವಿನ ಹಾವಳಿಯನ್ನು ಗುರುತಿಸುವ ಆ್ಯಪ್. 2018ರಲ್ಲಿ ಪಕ್ಕದ ಶಿವಮೊಗ್ಗದಲ್ಲಿ ಕಾಣಿಸಿಕೊಂಡು ಅನಂತರ ದೇಶದುದ್ದಕ್ಕೂ ಹರಡಿದ ಈ ಹುಳುವಿನ ಹಾನಿ ಪ್ಲಾಂಟ್‌ವಿಲೇಜ್ ಸಂಗ್ರಹದಲ್ಲಿಲ್ಲ. ಅದರ ಮೆಕ್ಕೆಜೋಳದ ಚಿತ್ರಗಳಲ್ಲಿರುವುದು ಎಲೆಯ ಮೂರು ರೋಗಗಳು ಮತ್ತು ಆರೋಗ್ಯವಂತ ಎಲೆ, ಅಷ್ಟೇ. ಹಾಗಾಗಿ ಅವರು ಕಳೆದ ಮುಂಗಾರಿನಲ್ಲಿ ಜಗಳೂರು ಕಡೆಯ ತಮ್ಮ ಹೊಲದಲ್ಲಿ ತಾವೇ 412 ಫೋಟೊ ತೆಗೆದಿದ್ದರು. ಕೆಲವು ಫೋಟೊಗಳಲ್ಲಿ ಬೆರಳಿತ್ತು, ಒಂದರಲ್ಲಿ ಎಮ್ಮೆಯ ಬಾಲವೂ ಇತ್ತು.

“ಎಲೆ ನೋಡಿದರೆ ತಡವಾಗಿರುತ್ತೆ ಸರ್, ಸುಳಿ ಬಿಡಿಸಿ ನೋಡಬೇಕು. ಒಳಗೆ ಮರದ ಹೊಟ್ಟಿನಂಥ ಹಿಕ್ಕೆ ಇರುತ್ತೆ. ಅಪ್ಪ ತೋರಿಸಿಕೊಟ್ಟರು,” ಎಂದು ಅವರಲ್ಲೊಬ್ಬಳು ವಿವರಿಸಿದಳು. ನಿಖರತೆ ಎಷ್ಟು ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು: 71. ಮೋಡವಿದ್ದ ದಿನ ಹೆಚ್ಚು ತಪ್ಪುತ್ತದಂತೆ. ಯಾವ ದಿನ ಎಷ್ಟು ತಪ್ಪಿತು ಎಂಬುದನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದರು. ಹದಿನೈದು ವರ್ಷ ಕಂಪನಿಗಳಲ್ಲಿ ದುಡಿದ ನನಗೆ ತಪ್ಪಿನ ಲೆಕ್ಕವನ್ನು ಇಷ್ಟು ಅಚ್ಚುಕಟ್ಟಾಗಿ ಇಟ್ಟವರು ಸಿಕ್ಕಿದ್ದು ಕಡಿಮೆ. ತೀರ್ಪುಗಾರರು ಆ ಮೇಜಿಗೆ ಬಂದರು, ಅದೇ ಪ್ರಶ್ನೆ ಕೇಳಿದರು, 71 ಎಂದು ಬರೆದುಕೊಂಡರು, “ಇನ್ನೂ ಇಂಪ್ರೂವ್ ಮಾಡಬೇಕಮ್ಮ” ಎಂದು ಹೇಳಿ ಊಟಕ್ಕೆ ಹೋದರು. ನೋಟ್‌ಬುಕ್ಕನ್ನು ಯಾರೂ ತೆರೆಯಲಿಲ್ಲ.

ಮೊದಲ ಬಹುಮಾನ 98.6ಕ್ಕೆ ಹೋಯಿತು. ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಆಮೇಲೆ ಹೊರಗೆ ಬೇವಿನ ಮರದ ಕೆಳಗೆ ನಿಂತು, ಕಪ್ಪು ಕೊಳೆ ಹಿಡಿದ ಆ ದ್ರಾಕ್ಷಿ ಎಲೆಗೆ ಸುಣ್ಣ ಸವರಿ, ಎರಡು ಹೋಳು ಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡೆ.